ಮೇಲಿನ ಸಾಲು

ತಿಪಟೂರು ತಾಲ್ಲೂಕಿನ ನಮ್ಮೂರಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಲಗ್ನಪತ್ರಿಕೆಯ ಕಟ್ಟು ಮೊದಲು ಬರುತ್ತಿದ್ದುದು ನಮ್ಮ ಮನೆಗೆ. ಕವರಿನ ಮೇಲೆ ಹೆಸರು, ವಿಳಾಸ ಬರೆಯುವ ಕೆಲಸ ನಮ್ಮಪ್ಪನದು. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಜಗಲಿಯ ಮೇಲೆ ಚಾಪೆ ಹಾಸಿಕೊಂಡು, ತೊಡೆಯ ಮೇಲೊಂದು ಮಣೆ ಇಟ್ಟುಕೊಂಡು, ಪೆನ್ನಿನ ನಿಬ್ಬನ್ನು ಒಂದು ಸಲ ಬಟ್ಟೆಗೆ ಒರೆಸಿ ಶುರು ಮಾಡಿದರೆ ಇನ್ನೂರು ಕವರುಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ತಲೆಕಟ್ಟುಗಳೆಲ್ಲ ಒಂದೇ ಅಳತೆ. ಒತ್ತಕ್ಷರಗಳು ತಾಯಿಯ ಕಾಲ ಬಳಿ ಕೂತ ಕೂಸುಗಳ ಹಾಗೆ ಅಚ್ಚುಕಟ್ಟು. ತಾಲ್ಲೂಕು ಕಚೇರಿಯ ಅರ್ಜಿಯನ್ನು ಮೇಷ್ಟ್ರ ಕೈಯಲ್ಲಿ ಬರೆಸಿದರೆ ಕೆಲಸ ಆಗುತ್ತದೆ ಎನ್ನುವ ನಂಬಿಕೆ ಊರಿನಲ್ಲಿತ್ತು. ಅಪ್ಪನಿಗಂತೂ ಅಕ್ಷರವೆಂದರೆ ನಡತೆ. ಹೆಣ್ಣು ನೋಡಲು ಬಂದ ಗಂಡಿನ ಕೈಯಲ್ಲೂ ಏನಾದರೂ ನೆಪ ಹೇಳಿ ನಾಲ್ಕು ಸಾಲು ಬರೆಸುತ್ತಿದ್ದರು.

ನನ್ನ ಕೈಗೆ ಬಂದದ್ದೂ ಅದೇ ಅಕ್ಷರ. 1998ರಲ್ಲಿ ಮೈಸೂರಿನ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಗೆ ಕನ್ನಡ ಶಿಕ್ಷಕಿಯಾಗಿ ಸೇರಿದಾಗ, ನಾನು ಬೋರ್ಡಿನ ಮೇಲೆ ಬರೆದ ಪದ್ಯವನ್ನು ಮುಂದಿನ ಪೀರಿಯಡ್ಡಿನ ಗಣಿತದ ಮೇಷ್ಟ್ರು ಅಳಿಸಲು ಹಿಂದೆ ಮುಂದೆ ನೋಡುತ್ತಿದ್ದರು. ಆ ಹೆಮ್ಮೆಯಲ್ಲೇ ನಾನು ಮಕ್ಕಳ ಪುಸ್ತಕಗಳನ್ನು ತಿದ್ದಿದೆ. ಅಕ್ಷರ ನೋಡಿಯೇ ಮಗುವನ್ನು ಅಳೆದೆ.

2003ರಲ್ಲಿ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಬಾಯಲ್ಲಿ ಕೇಳಿದರೆ ಹಳಗನ್ನಡ ಪದ್ಯದ ಅರ್ಥವನ್ನು ಇಡೀ ತರಗತಿಯಲ್ಲಿ ಅವನಷ್ಟು ಸೊಗಸಾಗಿ ಹೇಳುವವರಿರಲಿಲ್ಲ. ಬರೆಯಲು ಕೂತರೆ ಕಾಗೆ ಕಾಲು ಗುಬ್ಬಿ ಕಾಲು. ಅರ್ಧ ಪುಟಕ್ಕೆ ಪೆನ್ನು ಇಟ್ಟುಬಿಡುತ್ತಿದ್ದ. ಸೋಮಾರಿತನ ಎಂದು ತೀರ್ಮಾನಿಸಿದೆ. ‘ಬಾಯಿ ಇದ್ದಷ್ಟು ಕೈ ಇಲ್ಲ ನಿಂಗೆ’ ಎಂದು ಎಲ್ಲರ ಎದುರು ಹೇಳಿ, ಒಂದು ವಾಕ್ಯವನ್ನು ನೂರು ಸಲ ಬರೆದುಕೊಂಡು ಬಾ ಎಂದು ಇಂಪೊಸಿಷನ್ ಕೊಟ್ಟೆ. ಅರವತ್ತು ಚಿಲ್ಲರೆ ಬರೆದು ತಂದ. ಉಳಿದದ್ದನ್ನು ತರಗತಿಯ ಹೊರಗೆ ಕೂರಿಸಿ ಬರೆಸಿದೆ. ಮುಂದಿನ ಜೂನ್‌ನಲ್ಲಿ ಅವನು ಶಾಲೆಗೆ ಬರಲಿಲ್ಲ. ಹಾಜರಿಯಿಂದ ಹೆಸರು ತೆಗೆದೆವು. ಯಾಕೆ ಬಿಟ್ಟ ಎಂದು ಅವನ ಮನೆ ತನಕ ಹೋಗಿ ಕೇಳುವ ಕೆಲಸವನ್ನು ನಾನು ಮಾಡಲಿಲ್ಲ.

ಅದರ ಮುಂದಿನ ವರ್ಷ ನನಗೆ ಮಗ ಹುಟ್ಟಿದ.

ಅವನನ್ನು ಮೈಸೂರಿನಲ್ಲಿ ಸಿಬಿಎಸ್‌ಇ ಪಠ್ಯವಿರುವ ಒಂದು ಖಾಸಗಿ ಶಾಲೆಗೆ ಹಾಕಿದೆವು. ಮೂರನೇ ತರಗತಿಯ ತನಕ ಎಲ್ಲರೂ ಹೇಳಿದ್ದು ಒಂದೇ ಮಾತು, ಗಂಡುಮಕ್ಕಳು ಹಾಗೇ, ಆಮೇಲೆ ಸರಿಹೋಗುತ್ತೆ. ಕೈಬರಹ ಚೆನ್ನಾಗಿಲ್ಲದವರ ಹಣೆಬರಹ ಚೆನ್ನಾಗಿರುತ್ತೆ ಎಂದು ನೆಂಟರು ಸಮಾಧಾನ ಹೇಳುತ್ತಿದ್ದರು. ನನಗೆ ಸಮಾಧಾನವಾಗಲಿಲ್ಲ. ದಿನಾ ಸಂಜೆ ಒಂದು ಪುಟ ಕಾಪಿ ಬರೆಸಿದೆ. ಅವನು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ ಹಿಡಿಯುತ್ತಿದ್ದ. ಒತ್ತುವ ಬಿರುಸಿಗೆ ಮೊನೆ ಮುರಿಯುತ್ತಿತ್ತು. ಅಳಿಸಿ ಅಳಿಸಿ ಹಾಳೆ ತೂತಾಗುತ್ತಿತ್ತು. ಸಾಲು ಎಡದಿಂದ ಹೊರಟು ಬಲಕ್ಕೆ ಹೋಗುವಷ್ಟರಲ್ಲಿ ಕೆಳಗಿನ ಸಾಲಿನ ಮೇಲೆ ಬಿದ್ದಿರುತ್ತಿತ್ತು. ಬರೆಯುತ್ತಾ ಬರೆಯುತ್ತಾ ನಾಲಿಗೆ ಕಚ್ಚಿಕೊಂಡು ಭುಜ ಕಿವಿಯ ತನಕ ಏರಿಸುತ್ತಿದ್ದ. ಇಷ್ಟನ್ನೆಲ್ಲ ನಾನು ಕಣ್ಣಾರೆ ನೋಡಿದೆ. ನೋಡಿ, ಇನ್ನೊಂದು ಪುಟ ಬರಿ ಎಂದೆ.

2013ರ ಬೇಸಿಗೆ ರಜೆಗೆ ಊರಿಗೆ ಕರೆದುಕೊಂಡು ಹೋದಾಗ ಅಪ್ಪ ತಾವೇ ಮುಂದೆ ಬಂದರು. ಪೇಟೆಯಿಂದ ಎರಡು ಗೆರೆಯ ಪುಸ್ತಕ ತಂದು, ಒಂದು ರಾತ್ರಿಯಲ್ಲಿ ಅದರ ಎಲ್ಲ ಪುಟಗಳ ಮೇಲಿನ ಸಾಲನ್ನೂ ತಮ್ಮ ಕೈಯಲ್ಲೇ ತುಂಬಿಸಿದರು. ಮೊಮ್ಮಗ ಕೆಳಗೆ ಅದನ್ನೇ ನೋಡಿ ಬರೆಯಬೇಕು. ತಿಂಗಳು ಪೂರ್ತಿ ಬೆಳಿಗ್ಗೆ ಹಾಲು ಕುಡಿದ ಕೂಡಲೇ ತಾತ ಮೊಮ್ಮಗ ಇಬ್ಬರೂ ಜಗಲಿಯಲ್ಲಿ ಕೂರುತ್ತಿದ್ದರು. ನಾವು ಮೈಸೂರಿಗೆ ಹೊರಡುವ ದಿನ ಆ ಪುಸ್ತಕ ಕಾಣೆಯಾಯಿತು. ಹಾಸಿಗೆ ಕೊಡವಿ ನೋಡಿದೆವು, ಕೊಟ್ಟಿಗೆಯಲ್ಲಿ ಹುಡುಕಿದೆವು. ಮಗನನ್ನು ಕೇಳಿದರೆ ಗೊತ್ತಿಲ್ಲ ಎಂದ. ನಾನು ಅವನ ಬೆನ್ನಿಗೆ ಎರಡು ಏಟು ಹಾಕಿದೆ. ಅಪ್ಪ ತಡೆಯಲಿಲ್ಲ.

ಆಗ ಅವನಿಗೆ ಹಕ್ಕಿಗಳ ಹುಚ್ಚು. ರಂಗನತಿಟ್ಟು ನಮ್ಮ ಮನೆಗೆ ಹತ್ತಿರ. ಪಕ್ಷಿತಜ್ಞ ಸಾಲಿಂ ಅಲಿ ಅವರು ಹೇಳಿದ ಮೇಲೆ 1940ರಲ್ಲಿ ಮೈಸೂರು ಸಂಸ್ಥಾನ ಆ ನಡುಗಡ್ಡೆಗಳನ್ನು ಪಕ್ಷಿಧಾಮ ಮಾಡಿತು ಎನ್ನುವುದರಿಂದ ಹಿಡಿದು, ಬಾಯ್ಕಳಕ ಕೊಕ್ಕರೆಯ ಕೊಕ್ಕಿನ ನಡುವೆ ಯಾಕೆ ಸಂದು ಇದೆ, ಅದು ಬಸವನಹುಳುವನ್ನು ಚಿಪ್ಪಿನಿಂದ ಹೇಗೆ ಹೊರಗೆ ತೆಗೆಯುತ್ತದೆ ಎನ್ನುವ ತನಕ ದೋಣಿಯಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದ. ಶಾಲೆಯಲ್ಲಿ ‘ನಾನು ನೋಡಿದ ಸ್ಥಳ’ ಎಂದು ಪ್ರಬಂಧ ಬರೆಯಲು ಕೊಟ್ಟರು. ಅವನು ಬರೆದದ್ದು ಮೂರು ವಾಕ್ಯ. ನಾವು ನದಿಗೆ ಹೋದೆವು. ನದಿಯ ಬಳಿ ಗಿಳಿ ಇದೆ. ನದಿ ದೊಡದು.

ರಂಗನತಿಟ್ಟಿಗೆ ಹೋಗಿ ಗಿಳಿಯ ಬಗ್ಗೆ ಯಾಕೆ ಬರೆದ ಎಂದು ನನಗೆ ಅರ್ಥವಾಗಲಿಲ್ಲ. ಎಷ್ಟೋ ದಿನಗಳ ಮೇಲೆ, ರಾತ್ರಿ ಮಲಗಿದಾಗ ಕೇಳಿದೆ. ‘ಕೊಕ್ಕರೆ ಅಂತ ಬರೆದರೆ ಒತ್ತು ಕೊಡಬೇಕಲ್ಲಮ್ಮ. ಹಕ್ಕಿಗೂ ಒತ್ತು ಇದೆ. ಗಿಳಿಗೆ ಇಲ್ಲ’ ಎಂದ.

ಇಪ್ಪತ್ತು ಸಾವಿರ ಪುಸ್ತಕವನ್ನಾದರೂ ತಿದ್ದಿದ್ದ ಕನ್ನಡ ಶಿಕ್ಷಕಿ ನಾನು. ಮಗು ತನಗೆ ಗೊತ್ತಿದ್ದದ್ದನ್ನು ಬಿಟ್ಟು, ತನ್ನ ಕೈಗೆ ಸಿಗುವುದನ್ನು ಮಾತ್ರ ಬರೆಯುತ್ತಿದೆ ಎಂದು ಅವತ್ತಿನ ತನಕ ನನ್ನ ತಲೆಗೆ ಹೊಳೆದಿರಲಿಲ್ಲ.

ಆದರೂ ಮಗುವನ್ನು ಎಲ್ಲಾದರೂ ತೋರಿಸಬೇಕು ಎಂಬ ಮಾತು ಬಂದದ್ದು ನನ್ನಿಂದಲ್ಲ, ಅಪ್ಪನಿಂದ. 2014ರ ಯುಗಾದಿಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಕಾಯಿಯನ್ನೆಲ್ಲ ಇಳಿಸಿ ಕೊಬ್ಬರಿ ತೆಗೆದಾಗಿತ್ತು. ನಮ್ಮ ಕಡೆ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲೇ ಬಿಟ್ಟು, ಒಳಗೆ ನೀರು ಇಂಗಿ ಉಂಡೆ ಕೊಬ್ಬರಿಯಾದ ಮೇಲೆ ಸುಲಿಯುತ್ತಾರೆ. ಆ ಸಲ ಅಪ್ಪ ಹೊಸ ಪುಸ್ತಕ ತಂದಿರಲಿಲ್ಲ. ಮೊಮ್ಮಗನನ್ನು ತೋಟಕ್ಕೆ ಕರೆದುಕೊಂಡು ಹೋಗಿ ಹಕ್ಕಿಗಳ ಕತೆ ಹೇಳಿಸಿಕೊಂಡು ಬಂದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ‘ಅವನನ್ನ ಬಾಯಲ್ಲಿ ಕೇಳಮ್ಮ, ಬರೆಸಿ ಕೇಳಬೇಡ. ಯಾರಾದರೂ ತಿಳಿದ ಡಾಕ್ಟರಿಗೆ ತೋರಿಸು’ ಎಂದರು. ಅಪ್ಪನಿಗೆ ವಯಸ್ಸಾಯಿತು, ಮೆತ್ತಗಾಗಿದ್ದಾರೆ ಎಂದುಕೊಂಡೆ.

ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ಎರಡು ಮೂರು ಸಲ ಹೋಗಬೇಕಾಯಿತು. ಓದಿಸಿದರು, ನೋಡಿ ಬರೆಸಿದರು, ಹೇಳಿ ಬರೆಸಿದರು, ಲೆಕ್ಕ ಮಾಡಿಸಿದರು, ಚಿತ್ರ ತೋರಿಸಿ ಮಾತಾಡಿಸಿದರು. ಬುದ್ಧಿಯ ಪರೀಕ್ಷೆಯೂ ಆಯಿತು. ಕೊನೆಗೆ ಮನಶ್ಶಾಸ್ತ್ರಜ್ಞೆ ನನ್ನನ್ನು ಕೂರಿಸಿಕೊಂಡು ಹೇಳಿದ ಪದ ಡಿಸ್‌ಗ್ರಾಫಿಯಾ. ಮಗುವಿನ ಬುದ್ಧಿಗೂ ಕಿವಿಗೂ ಕಣ್ಣಿಗೂ ಕೊರತೆಯಿಲ್ಲ. ಅಕ್ಷರದ ಆಕಾರವನ್ನು ಮನಸ್ಸಿನಿಂದ ತೆಗೆದು ಬೆರಳಿಗೆ ದಾಟಿಸುವ ದಾರಿಯಲ್ಲಿ ತೊಡಕಿದೆ. ನಮಗೆ ಬರೆಯುವುದು ನಡೆದ ಹಾಗೆ ಅಭ್ಯಾಸವಾಗಿಬಿಟ್ಟಿರುತ್ತದೆ, ಯೋಚಿಸಬೇಕಾಗಿಲ್ಲ. ಅವನಿಗೆ ಪ್ರತಿ ಅಕ್ಷರವೂ ಹೊಸದು. ಅಕ್ಷರ ಬರೆಯುವುದಕ್ಕೇ ಗಮನವೆಲ್ಲ ಖರ್ಚಾದರೆ ಹೇಳಬೇಕಾದ ವಿಷಯಕ್ಕೆ ಉಳಿಯುವುದೇನು? ‘ಮನೇಲಿ ತುಂಬಾ ಬರೆಸ್ತೀರಾ?’ ಎಂದು ಕೇಳಿದರು. ನಾನು ಉತ್ತರ ಹೇಳದೆ ಸುಮ್ಮನೆ ಕೂತೆ. ಆ ಕೋಣೆಯಲ್ಲಿ ನನಗೆ ನೆನಪಾದದ್ದು ನನ್ನ ಮಗನ ಮುಖವಲ್ಲ, ತರಗತಿಯ ಹೊರಗೆ ಕೂತು ಉಳಿದ ಮೂವತ್ತು ಚಿಲ್ಲರೆ ಸಾಲು ಬರೆಯುತ್ತಿದ್ದ ಆ ಹುಡುಗನ ಬೆನ್ನು.

ಕನ್ನಡ ಲಿಪಿ ಇಂಥ ಮಗುವಿನ ಕೈಗೆ ಎಷ್ಟು ಕಷ್ಟ ಎಂದು ಆಮೇಲೆ ಒಂದೊಂದಾಗಿ ಕಾಣಲು ಶುರುವಾಯಿತು. ದ, ಧ, ಥ ಇವುಗಳ ನಡುವೆ ಒಂದು ಸೀಳು, ಒಂದು ಚುಕ್ಕಿಯ ಅಂತರ. ವ ಬರೆದು ಬಾಲ ಕೊಟ್ಟರೆ ಮ. ಕೊಂಬು, ದೀರ್ಘ, ಏತ್ವ, ಓತ್ವ, ವಟ್ರಸುಳಿ ಎಲ್ಲ ಅಕ್ಷರದ ಮೇಲೆ, ಪಕ್ಕ, ಕೆಳಗೆ ತಮ್ಮ ತಮ್ಮ ಜಾಗ ಹುಡುಕಿಕೊಳ್ಳಬೇಕು. ‘ಸೂರ್ಯ’ ಎನ್ನುವಾಗ ಬಾಯಿಗೆ ಮೊದಲು ಬರುವುದು ರ್, ಆಮೇಲೆ ಯ. ಕೈ ಮಾತ್ರ ಮೊದಲು ಯ ಬರೆದು ಆಮೇಲೆ ಅರ್ಕಾವತ್ತು ಹಾಕಬೇಕು. ಬಾಯಿಯ ಕ್ರಮ ಒಂದು, ಕೈಯ ಕ್ರಮ ಇನ್ನೊಂದು. ನನ್ನ ಮಗ ಅರ್ಕಾವತ್ತನ್ನು ಸದಾ ಮೊದಲೇ ಹಾಕುತ್ತಿದ್ದ. ನಾನು ಸದಾ ಕೆಂಪು ಸುತ್ತು ಹಾಕುತ್ತಿದ್ದೆ.

ವಾರಕ್ಕೆರಡು ದಿನ ಆಕ್ಯುಪೇಷನಲ್ ಥೆರಪಿಗೆ ಹೋದ. ಮನೆಯಲ್ಲಿ ಚಪಾತಿ ಹಿಟ್ಟು ನಾದುವ ಕೆಲಸ ಅವನಿಗೇ ಕೊಟ್ಟೆವು, ಬೆರಳಿಗೆ ಬಲ ಬರಲಿ ಎಂದು. ಪೆನ್ಸಿಲ್ ಹಿಡಿತ ಸುಧಾರಿಸಿತು, ನೋವು ಕಡಿಮೆಯಾಯಿತು. ವೇಗ ಬರಲಿಲ್ಲ. ಆಗ ಥೆರಪಿಸ್ಟ್ ಹೇಳಿದರು, ‘ಇನ್ನು ಟೈಪಿಂಗ್ ಕಲಿಸಿ. ಕೈಬರಹ ಬಿಡಿಸಬೇಡಿ, ಆದರೆ ಅದಕ್ಕಾಗಿ ಕಾಯಲೂ ಬೇಡಿ.’

2015ರಲ್ಲಿ 11,000 ರೂಪಾಯಿಗೆ ಒಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡೆವು. ಅದನ್ನು ಮೇಜಿನ ಮೇಲಿಟ್ಟ ಕೂಡಲೇ ಮಗು ಪುಟಗಟ್ಟಲೆ ಬರೆದುಬಿಡುತ್ತದೆ ಎಂದು ನಾನು ನಂಬಿದ್ದೆ. ಮೊದಲ ತಿಂಗಳು ಅವನು ಒಂದೊಂದೇ ಕೀ ಹುಡುಕಿ ಒತ್ತುತ್ತಿದ್ದ, ಪೆನ್ಸಿಲಿಗಿಂತ ನಿಧಾನ. ಬೆರಳಿಗೆ ದಾರಿ ಗೊತ್ತಾಗಬೇಕಲ್ಲ. ಅದನ್ನು ಕಲಿಸುವುದು ಮಾತ್ರ ನನಗೆ ಗೊತ್ತಿತ್ತು. ಪಿಯುಸಿ ಮುಗಿಸಿದ ರಜೆಯಲ್ಲಿ ತಿಪಟೂರಿನಲ್ಲಿ ಟೈಪಿಂಗ್ ಕ್ಲಾಸಿಗೆ ಹೋಗಿ ಇಂಗ್ಲಿಷ್ ಜೂನಿಯರ್ ಪಾಸು ಮಾಡಿದ್ದೆ. ಹತ್ತು ಹದಿನೈದು ಮಿಷನ್ನುಗಳು ಒಟ್ಟಿಗೆ ಸದ್ದು ಮಾಡುವ ಆ ಕೋಣೆಯಲ್ಲಿ ಮೇಷ್ಟ್ರು ಕೀಬೋರ್ಡ್ ನೋಡಿದರೆ ಸ್ಕೇಲಿನಲ್ಲಿ ಬೆರಳಿಗೆ ತಟ್ಟುತ್ತಿದ್ದರು. ಎ, ಎಸ್, ಡಿ, ಎಫ್, ಜಿ, ಎಫ್. ಸೆಮಿಕೋಲನ್, ಎಲ್, ಕೆ, ಜೆ, ಎಚ್, ಜೆ. ಸಂಜೆ ಇಪ್ಪತ್ತು ನಿಮಿಷ, ಅವನ ಕೈಗಳ ಮೇಲೆ ಒಂದು ಟವೆಲ್ ಹೊದಿಸಿ ಅದೇ ಪಾಠ ಮಾಡಿದೆ. ತಟ್ಟುವ ಸ್ಕೇಲು ನಮ್ಮ ಮನೆಯಲ್ಲಿರಲಿಲ್ಲ. ಮೊದಲು ನಿಮಿಷಕ್ಕೆ ಐದು ಪದ. ದಸರಾ ಹೊತ್ತಿಗೆ ಹನ್ನೆರಡು. ವರ್ಷದ ಕೊನೆಗೆ ಇಪ್ಪತ್ತು ದಾಟಿತು.

ಅದು ಇಂಗ್ಲಿಷ್. ಕನ್ನಡ ಹೇಗೆ ಎಂಬ ಚಿಂತೆ ಬೇರೆಯೇ ಇತ್ತು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಸರ್ಕಾರ ಒಪ್ಪಿಕೊಂಡಿದೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಇರುವುದೂ ಅದೇ ಎಂದು ನಮ್ಮ ಶಾಲೆಯ ಗುಮಾಸ್ತರು ಹೇಳಿಕೊಟ್ಟರು. ಅದರಲ್ಲಿ ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಒತ್ತಬೇಕು. ಎ, ಎಂ, ಎಫ್, ಎಂ. ತೆರೆಯ ಮೇಲೆ ‘ಅಮ್ಮ’ ಬಂತು. ಟೈಪಿಂಗ್ ಕಲಿತವರ ಎಡಗೈ ತೋರುಬೆರಳು ಸುಮ್ಮನೆ ಕೂರುವ ಜಾಗವೇ ಎಫ್. ಅದಕ್ಕೆ ನಮ್ಮ ಮನೆಯಲ್ಲಿ ‘ಕೊಂಡಿ’ ಎಂದು ಹೆಸರಿಟ್ಟೆವು. ಸ, ಕೊಂಡಿ, ತ, ಕೊಂಡಿ, ರ, ಅದಕ್ಕೊಂದು ಈತ್ವ ಸೇರಿಸಿದರೆ ‘ಸ್ತ್ರೀ’. ‘ಸೂರ್ಯ’ ಬರೆಯಲು ಸೂ ಆದ ಮೇಲೆ ರ, ಕೊಂಡಿ, ಯ. ಬಾಯಲ್ಲಿ ಹೇಗೆ ಬರುತ್ತದೋ ಹಾಗೆ. ಅರ್ಕಾವತ್ತು ತಾನಾಗಿ ಹೋಗಿ ತನ್ನ ಜಾಗದಲ್ಲಿ ಕೂತುಕೊಂಡಿತು. ಮಗ ಅದನ್ನು ಹತ್ತು ಸಲ ಅಳಿಸಿ ಹತ್ತು ಸಲ ಬರೆದ. ‘ನಾನು ಹೇಳ್ತಿದ್ದದ್ದು ಇದೇ ಅಲ್ವಾಮ್ಮ, ರ ಮೊದಲು!’ ಎಂದ.

ಹೌದು, ಅವನು ಹೇಳುತ್ತಿದ್ದದ್ದು ಅದೇ. ಅಷ್ಟು ವರ್ಷ ಅವನ ಕಿವಿ ಸರಿಯಾಗಿಯೇ ಕೇಳುತ್ತಿತ್ತು. ವ್ಯಾಕರಣ ಕಲಿಸುವ ನಾನು ಸಂಯುಕ್ತಾಕ್ಷರ ಎಂದರೇನು ಎನ್ನುವುದನ್ನು ಆ ಒಂದು ಕೀಲಿ ತೋರಿಸಿಕೊಟ್ಟಷ್ಟು ಚೆನ್ನಾಗಿ ಯಾವ ತರಗತಿಯಲ್ಲೂ ತೋರಿಸಿರಲಿಲ್ಲ.

ಡಿಸೆಂಬರ್ ರಜೆಯಲ್ಲಿ ಅವನು ಯಾರೂ ಹೇಳದೆ ಒಂದು ಪ್ರಬಂಧ ಬರೆದ. ರಂಗನತಿಟ್ಟು. ಮುದ್ರಿಸಿದಾಗ ನಾಲ್ಕು ಪುಟ. ಬಾಯ್ಕಳಕ ಕೊಕ್ಕರೆ, ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಮೊಸಳೆ, ದೋಣಿ ನಡೆಸುವವನ ಜೊತೆಗಿನ ಮಾತು, ಕಾವೇರಿಯಲ್ಲಿ ನೀರು ಏರಿದರೆ ಗೂಡುಗಳಿಗೆ ಏನಾಗುತ್ತದೆ ಎಂಬ ಹೆದರಿಕೆ. ಒಂದು ಗಿಳಿಯೂ ಇರಲಿಲ್ಲ. ಅದನ್ನು ನಾನು ಅಂಚೆಯಲ್ಲಿ ಅಪ್ಪನಿಗೆ ಕಳಿಸಿದೆ.

ಮನೆಯಲ್ಲಿ ಆದದ್ದು ಶಾಲೆಯಲ್ಲಿ ಆಗಲು ಇನ್ನೊಂದು ವರ್ಷ ಬೇಕಾಯಿತು. ‘ಬೋರ್ಡ್ ಪರೀಕ್ಷೆಗೆ ಕೈಯಲ್ಲೇ ಬರೀಬೇಕಲ್ಲ ಮೇಡಂ, ಈಗಿನಿಂದಲೇ ಅಭ್ಯಾಸ ತಪ್ಪಿಸಿದರೆ ಹೇಗೆ?’ ಎನ್ನುವುದು ಮೊದಲ ಉತ್ತರ. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎನ್ನುವುದು ಎರಡನೆಯದು. ಲ್ಯಾಪ್‌ಟಾಪ್ ಕಳುವಾದರೆ, ಬಿದ್ದು ಒಡೆದರೆ ನಾವು ಜವಾಬ್ದಾರರಲ್ಲ ಎನ್ನುವುದು ಮೂರನೆಯದು. ನಾನು ಅವರನ್ನು ದೂರಲಾರೆ. ಐದು ವರ್ಷ ಹಿಂದೆ ಯಾರಾದರೂ ತಾಯಿ ನನ್ನ ಬಳಿ ಬಂದು ಇದೇ ಕೇಳಿದ್ದರೆ ನಾನೂ ಈ ಮೂರನ್ನೇ ಹೇಳುತ್ತಿದ್ದೆ.

2016ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆಯನ್ನು ಅಂಗೀಕರಿಸಿತು. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, ಹೊಸದರಲ್ಲಿ 21. ಕಲಿಕೆಯ ನಿರ್ದಿಷ್ಟ ತೊಂದರೆಗಳು ಎಂಬ ಸಾಲಿನಲ್ಲಿ ಡಿಸ್‌ಗ್ರಾಫಿಯಾ ಎಂಬ ಪದವೇ ಅಚ್ಚಾಗಿತ್ತು. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ನೆರವು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಇವಕ್ಕೆಲ್ಲ ಸರ್ಕಾರ ವ್ಯವಸ್ಥೆ ಮಾಡಬೇಕು ಎಂದು ಕಾಯ್ದೆ ಹೇಳಿತು. ಆ ಪುಟದ ಜೆರಾಕ್ಸ್ ತೆಗೆಸಿ, ಡಿಸ್‌ಗ್ರಾಫಿಯಾ ಎನ್ನುವ ಪದದ ಕೆಳಗೆ ಗೆರೆ ಎಳೆದು ಶಾಲೆಗೆ ಕೊಟ್ಟೆ. ಕಂಪ್ಯೂಟರ್ ಶಿಕ್ಷಕಿಯೊಬ್ಬರು ನಮ್ಮ ಪರವಾಗಿ ಮಾತಾಡಿದರು. ಏಳನೇ ತರಗತಿಯ ಕೊನೆಯ ತಿಂಗಳುಗಳಲ್ಲಿ ಅವನಿಗೆ ಪ್ಲಗ್ ಪಾಯಿಂಟಿನ ಪಕ್ಕದ ಬೆಂಚು ಸಿಕ್ಕಿತು.

ದಿನದ ಕೆಲಸ ಸುಲಭವಿರಲಿಲ್ಲ. ಬ್ಯಾಟರಿ ಒಂದೂವರೆ ಗಂಟೆ ಮಾತ್ರ ಬರುತ್ತಿತ್ತು. ಶಿಕ್ಷಕರಿಗೆ ತಿದ್ದಲು ನೋಟ್‌ಬುಕ್ಕೇ ಬೇಕು. ಹಾಗಾಗಿ ಸಂಜೆ ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗಿ ಮುದ್ರಿಸಿ, ಹಾಳೆ ಕತ್ತರಿಸಿ ಲಾಂಗ್ ನೋಟ್‌ಬುಕ್ಕಿಗೆ ಗೋಂದು ಹಚ್ಚಿ ಅಂಟಿಸುತ್ತಿದ್ದೆವು. ಪುಸ್ತಕ ಹೊಟ್ಟೆ ಉಬ್ಬಿಸಿಕೊಂಡು ಕೂರುತ್ತಿತ್ತು. ಗಣಿತ ಟೈಪ್ ಮಾಡುವುದು ಆಗದ ಮಾತು. ಅದಕ್ಕೆ ಚೌಕದ ಪುಸ್ತಕ, ಒಂದು ಮನೆಗೆ ಒಂದೇ ಅಂಕಿ. ವಿಜ್ಞಾನದ ಚಿತ್ರಗಳನ್ನು ಕೈಯಲ್ಲೇ ಬರೆದ, ವಕ್ರವಾದರೂ ಭಾಗಗಳ ಹೆಸರು ಸರಿಯಾಗಿರುತ್ತಿತ್ತು. ಇವನಿಗೆ ಮಾತ್ರ ಯಾಕೆ ಎಂದು ಮಕ್ಕಳು ಕೇಳಿದ್ದು ಹೌದು. ಅದು ನಿಂತದ್ದು ಊಟದ ಬಿಡುವಿನಲ್ಲಿ. ಎಲ್ಲರಿಗೂ ತಮ್ಮ ಹೆಸರನ್ನು ಕನ್ನಡದಲ್ಲಿ ಒತ್ತಿ ನೋಡುವ ಆಸೆ. ಹೆಸರಿನಲ್ಲಿ ಒತ್ತಕ್ಷರ ಇದ್ದವರಿಗೆ ಹೆಚ್ಚು ಖುಷಿ. ಕೊಂಡಿ ಎಲ್ಲಿ ಹಾಕಬೇಕು ಎಂದು ಇವನು ಹೇಳಿಕೊಡುತ್ತಿದ್ದ. ಬರವಣಿಗೆಯ ವಿಷಯದಲ್ಲಿ ಅವನು ಇನ್ನೊಬ್ಬರಿಗೆ ಹೇಳಿಕೊಟ್ಟದ್ದು ಅದೇ ಮೊದಲು.

ಎಂಟನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಗೆ ಲ್ಯಾಪ್‌ಟಾಪ್ ಬೇಡ, ಬರೆದುಕೊಡಲು ಒಬ್ಬರನ್ನು ಕೂರಿಸುತ್ತೇವೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಕೈ ಆಡದ ಎಷ್ಟೋ ಮಕ್ಕಳಿಗೆ ಅದೇ ದಾರಿ, ಅದೇ ಸರಿ. ಇವನು ಮಾತ್ರ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದ. ‘ನಾನು ಹೇಳಿದ್ದನ್ನ ಅವರು ಬರೀತಾರಮ್ಮ. ಆದರೆ ಬರೆದದ್ದು ಸರಿಯಿಲ್ಲ ಅನ್ನಿಸಿದರೆ ಹೊಡೆದುಹಾಕಿ ಅಂತ ಎಷ್ಟು ಸಲ ಹೇಳೋದು? ನಾಚಿಕೆ ಆಗುತ್ತೆ.’ ಬರೆದದ್ದನ್ನು ಕಣ್ಣಲ್ಲಿ ನೋಡಿ, ಅಳಿಸಿ, ಒಂದು ಮಾತನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ತರುವುದೇ ಬರವಣಿಗೆ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಇವನಿಗೆ ಅದನ್ನು ಮಾಡಲು ಮೊದಲ ಸಲ ಬಂದದ್ದು ತೆರೆಯ ಮೇಲೆ. ಹಿಂದೆಲ್ಲ ಒಂದು ಸಲ ಬರೆಯುವಷ್ಟರಲ್ಲೇ ಕೈ ಸೋತಿರುತ್ತಿತ್ತು, ತಿದ್ದುವ ಮಾತೆಲ್ಲಿ?

2018ರ ಫೆಬ್ರವರಿಯಲ್ಲಿ ಸಿಬಿಎಸ್‌ಇ ಮಂಡಳಿ ಬೋರ್ಡ್ ಪರೀಕ್ಷೆಯಲ್ಲೇ ವಿಶೇಷ ಅಗತ್ಯದ ಮಕ್ಕಳು ಕಂಪ್ಯೂಟರಿನಲ್ಲಿ ಉತ್ತರ ಟೈಪ್ ಮಾಡಬಹುದು ಎಂದು ಆದೇಶಿಸಿತು. ಯಂತ್ರವನ್ನು ಮಗುವೇ ತರಬೇಕು, ಒಳಗಿದ್ದದ್ದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿರಬೇಕು, ಕಂಪ್ಯೂಟರ್ ಶಿಕ್ಷಕರು ಪರಿಶೀಲಿಸಬೇಕು, ಇಂಟರ್ನೆಟ್ ಇರಬಾರದು. ವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಪತ್ರ ಬೇಕು. ಕೈಯಲ್ಲೇ ಬರೀಬೇಕಲ್ಲ ಎನ್ನುವ ಆ ಮೊದಲ ಉತ್ತರ ಅವತ್ತಿಗೆ ಮುಗಿಯಿತು.

2020ರ ಮಾರ್ಚ್‌ನಲ್ಲಿ ಅವನು ಹತ್ತನೇ ತರಗತಿಯ ಪರೀಕ್ಷೆ ಬರೆದ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು. ಕನ್ನಡದ ದಿನ ಹೊರಗೆ ಬಂದವನನ್ನು ಹೇಗಾಯಿತು ಎಂದು ಕೇಳಿದರೆ, ‘ಎಲ್ಲಾ ಬರೆದೆ’ ಎಂದ. ಅಂಕಗಳನ್ನು ನಾನಿಲ್ಲಿ ಹೇಳುವುದಿಲ್ಲ. ಹತ್ತು ವರ್ಷದ ಶಾಲೆಯಲ್ಲಿ ಆ ಎರಡು ಪದ ಅವನ ಬಾಯಿಂದ ಬಂದದ್ದು ಅವತ್ತೇ.

ನಾನು ಸರ್ಕಾರಿ ಶಾಲೆಯವಳು. ಅದನ್ನು ಬಿಟ್ಟು ಈ ಕತೆ ಹೇಳಿದರೆ ಅರ್ಧ ಸುಳ್ಳು ಹೇಳಿದಂತೆ. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಮಕ್ಕಳಿಗೂ ಬರೆದುಕೊಡುವವರ ನೆರವು, ಹೆಚ್ಚುವರಿ ಸಮಯ ಸಿಗುತ್ತದೆ. ಆದರೆ ಅದಕ್ಕೆ ಪ್ರಮಾಣಪತ್ರ ಬೇಕು. 2018ರ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಎಂಟು ವರ್ಷ ತುಂಬಿದ ಮೇಲೆ ಒಂದು ಸಲ, ಹದಿನಾಲ್ಕಕ್ಕೆ ಇನ್ನೊಂದು ಸಲ, ಹದಿನೆಂಟಕ್ಕೆ ಮತ್ತೊಂದು ಸಲ ತಪಾಸಣೆ ಆಗಬೇಕಿತ್ತು. ಗಾರೆ ಕೆಲಸದ ತಾಯಿಗೆ ಪ್ರತಿ ಸಲವೂ ಎರಡು ಮೂರು ದಿನದ ಕೂಲಿ ಹೋಗುತ್ತದೆ. ಅದಕ್ಕೂ ಮೊದಲು ಯಾರಾದರೂ ಒಬ್ಬ ಶಿಕ್ಷಕಿ ಆ ಮಗುವಿನ ಪುಸ್ತಕ ನೋಡಿ, ಇದು ಸೋಮಾರಿತನವಲ್ಲ ಎಂದು ಗುರುತಿಸಬೇಕು. ನಾನು ಹದಿನಾರು ವರ್ಷ ಗುರುತಿಸಲಿಲ್ಲ. ಈಗ ಇಂಪೊಸಿಷನ್ ಕೊಡುವುದಿಲ್ಲ. ವರ್ಷದ ಮೊದಲ ತಿಂಗಳಲ್ಲಿ ಪ್ರತಿ ಮಗುವನ್ನೂ ಒಂದು ಸಲ ಬಾಯಲ್ಲಿ, ಒಂದು ಸಲ ಬರೆಸಿ ಕೇಳುತ್ತೇನೆ. ಎರಡರ ನಡುವೆ ದೊಡ್ಡ ಅಂತರ ಕಂಡ ಮಕ್ಕಳನ್ನು ಮೈಸೂರಿನಲ್ಲೇ ಇರುವ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗುತ್ತೇನೆ. ಮಗ ಪಿಯುಸಿಗೆ ಹೊಸ ಯಂತ್ರ ಕೊಂಡ ಮೇಲೆ ಹಳೆಯದನ್ನು ಶಾಲೆಗೆ ತಂದಿಟ್ಟಿದ್ದೇನೆ. ಈಗ ಅದು ಮೂರನೆಯ ಮಗುವಿನ ಕೈಯಲ್ಲಿದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಇದು ಅತಿಯಾಯಿತು ಎಂದರೆ 2021ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ಹೇಳುತ್ತೇನೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವು ನಿರಾಕರಿಸಿದ್ದರು. ಶೇಕಡಾ ನಲವತ್ತರ ಅಂಗವೈಕಲ್ಯ ಇದ್ದರೆ ಮಾತ್ರ ಕೊಡುತ್ತೇವೆ ಎನ್ನುವಂತಿಲ್ಲ ಎಂದಿತು ಕೋರ್ಟು. ದೇಶದ ದೊಡ್ಡ ಪರೀಕ್ಷೆಗೆ ಕೂರುವವರಿಗೇ ಇಲ್ಲದ ಕಟ್ಟುಪಾಡು ನಮ್ಮ ಕಿರುಪರೀಕ್ಷೆಗೆ ಯಾಕೆ ಎಂದು ಕೇಳುತ್ತೇನೆ.

2003ರ ಹುಡುಗನನ್ನು ಆಮೇಲೆ ಹುಡುಕಿದೆ. ಆ ಕುಟುಂಬ ಊರು ಬಿಟ್ಟು ಬಹಳ ವರ್ಷವಾಗಿತ್ತು.

ಅಪ್ಪ 2022ರ ಮಾಘದಲ್ಲಿ ತೀರಿಕೊಂಡರು. ತಿಥಿ ಮುಗಿದ ಮೇಲೆ ಅವರ ತಗಡಿನ ಟ್ರಂಕು ತೆಗೆದೆವು. ಹಳೆಯ ಹಾಜರಿ ಪುಸ್ತಕಗಳು, ನಿವೃತ್ತಿಯ ದಿನ ಮಕ್ಕಳು ಕೊಟ್ಟ ಅಭಿನಂದನಾ ಪತ್ರ, ನಾನು ಅಂಚೆಯಲ್ಲಿ ಕಳಿಸಿದ್ದ ರಂಗನತಿಟ್ಟಿನ ನಾಲ್ಕು ಹಾಳೆ. ಅದರ ಕೆಳಗೆ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಒಂದು ಪುಸ್ತಕ. ಎರಡು ಗೆರೆಯ ಪುಸ್ತಕ. ರಟ್ಟಿನ ತುಂಬ ಕಾಯಿನಾರಿನ ಧೂಳು.

ಮಗ ನನ್ನ ಹಿಂದೆಯೇ ನಿಂತಿದ್ದ. ‘ಇದು ಇಲ್ಲಿ ಹೇಗೆ ಬಂತು?’ ಎಂದ. ‘ನಾನು ಅಟ್ಟದಲ್ಲಿ ಕಾಯಿ ರಾಶಿ ಕೆಳಗೆ ಇಟ್ಟಿದ್ದೆ.’

‘ನೀನಾ?’

‘ಹರಿದುಹಾಕೋಣ ಅಂತಲೇ ತಗೊಂಡು ಹೋದೆ ಅಮ್ಮ. ಪ್ರತಿ ಪುಟದಲ್ಲೂ ಮೇಲೆ ತಾತನ ಅಕ್ಷರ ಇತ್ತು. ಹರಿಯೋಕೆ ಮನಸ್ಸು ಬರಲಿಲ್ಲ.’

ಕೊಬ್ಬರಿ ತೆಗೆಸುವಾಗ ಅದು ಅಪ್ಪನ ಕೈಗೆ ಸಿಕ್ಕಿದೆ. ಯಾರಿಗೂ ಹೇಳಲಿಲ್ಲ. ಎಂಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ನಾವಿಬ್ಬರೂ ಜಗಲಿಯಲ್ಲಿ ಕೂತು ಒಂದೊಂದೇ ಪುಟ ತಿರುವಿದೆವು. ಮೇಲೆ ಅಪ್ಪನ ಸಾಲು, ಕೆಳಗೆ ಅವನದು. ನಡುನಡುವೆ ಅಳಿಸಿದ ತೂತುಗಳು. ಕೊನೆಯ ಪುಟದಲ್ಲಿ ಅಪ್ಪನ ಸಾಲಿನ ಕೆಳಗೆ ಅದನ್ನು ನೋಡಿ ಬರೆದದ್ದಿರಲಿಲ್ಲ. ಬೇರೆ ಏನೋ ಇತ್ತು, ಪುಟ ಪೂರ್ತಿ. ಅವನೇ ತಾನಾಗಿ ಬರೆದದ್ದು. ಕನ್ನಡಕ ಸರಿಮಾಡಿಕೊಂಡು ಬೆಳಕಿಗೆ ಹಿಡಿದೆ. ಒಂದು ಕಡೆ ‘ತಾತ’ ಎನ್ನುವಂತೆ ಕಂಡಿತು. ಇನ್ನೊಂದು ಕಡೆ ಅರ್ಕಾವತ್ತು, ಅಕ್ಷರಕ್ಕಿಂತ ಮೊದಲೇ. ಮುಂದೆ ಸಾಲುಗಳು ಒಂದರ ಮೇಲೊಂದು ಬಿದ್ದಿದ್ದವು. ಪುಸ್ತಕವನ್ನು ಅವನ ಕೈಗೆ ಕೊಟ್ಟು, ಏನು ಬರೆದಿದ್ದೀಯ, ಓದು ಎಂದೆ.

ಅವನು ಬಹಳ ಹೊತ್ತು ನೋಡಿದ. ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದ.

‘ನಂಗೂ ಓದೋಕೆ ಬರ್ತಿಲ್ಲ ಅಮ್ಮ’ ಎಂದ.